ಒಸ್ಟ್ರಕಿಸ್ಮೊಸ್: ಬೋಕಿಯ ಮೇಲೆ ಗೀಚಿದ ಹೆಸರು

‘ಆಸ್ಟ್ರಸಿಸಂ’ ಎಂಬ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ ‘ಬಹಿಷ್ಕಾರ’ ಎನ್ನುತ್ತೇವೆ. ಇಂದಿನ ಬಳಕೆಗೆ ಅದು ಸರಿಯೇ. ಆದರೆ ಈ ಪದ ಹುಟ್ಟಿದ್ದು ಪ್ರಾಚೀನ ಅಥೆನ್ಸ್‌ನ ಒಸ್ಟ್ರಕಿಸ್ಮೊಸ್‌ನಿಂದ, ಅಂದರೆ ಮತ ಹಾಕಿ ಒಬ್ಬನನ್ನು ಹತ್ತು ವರ್ಷ ಊರ ಹೊರಗೆ ಕಳಿಸುವ ಪದ್ಧತಿಯಿಂದ. ಅದಕ್ಕೆ ‘ಬಹಿಷ್ಕಾರ’ವನ್ನು ಹಚ್ಚಿದರೆ ಅರ್ಥ ಕೆಡುತ್ತದೆ. ಅಲ್ಲಿ ಯಾರನ್ನೂ ಜಾತಿಯಿಂದಲೋ ಕುಲದಿಂದಲೋ ಹೊರಗಿಡುತ್ತಿರಲಿಲ್ಲ. ‘ಗಡೀಪಾರು’ ಸ್ವಲ್ಪ ಹತ್ತಿರ ಬರುತ್ತದೆ. ಆದರೆ ಗಡೀಪಾರಿಗೆ ಒಂದು ಆರೋಪ ಬೇಕು, ಒಸ್ಟ್ರಕಿಸ್ಮೊಸ್‌ಗೆ ಆರೋಪವೇ ಬೇಕಿರಲಿಲ್ಲ.

ಗ್ರೀಕ್‌ನಲ್ಲಿ ‘ಒಸ್ಟ್ರಕೊನ್’ ಎಂದರೆ ಒಡೆದ ಮಡಕೆಯ ಚೂರು, ನಮ್ಮ ಬೋಕಿ. ಬರೆಯುವ ಹಾಳೆಯಾದ ಪಪೈರಸ್ ಈಜಿಪ್ಟಿನಿಂದ ಬರಬೇಕಿತ್ತು, ಬೆಲೆಯೂ ಹೆಚ್ಚು. ಬೋಕಿ ಮಾತ್ರ ಬೀದಿಬೀದಿಯಲ್ಲೂ ಬಿದ್ದಿರುತ್ತಿತ್ತು. ಚೂಪಾದ ಮೊನೆಯಿಂದ ಅದರ ಮೇಲೆ ಹೆಸರು ಗೀಚಿದರೆ ಅದೇ ಮತಪತ್ರ.

ಅಥೆನ್ಸ್‌ನ ಆಡಳಿತ ವರ್ಷದಲ್ಲಿ ಹತ್ತು ಪಾಳಿಗಳು, ನಾಗರಿಕರನ್ನು ಹಂಚಿದ್ದ ಹತ್ತು ಬುಡಕಟ್ಟುಗಳಿಗೆ ಒಂದೊಂದು. ಪಾಳಿಯ ಹೆಸರು ಪ್ರಿಟನಿ. ಆರನೆಯ ಪ್ರಿಟನಿಯಲ್ಲಿ ಜನಸಭೆಯ ಮುಂದೆ ಒಂದೇ ಪ್ರಶ್ನೆ ಇಡುತ್ತಿದ್ದರು: ಈ ವರ್ಷ ಒಸ್ಟ್ರಕಿಸ್ಮೊಸ್ ಬೇಕೋ ಬೇಡವೋ? ಯಾರ ಹೆಸರನ್ನೂ ಎತ್ತುತ್ತಿರಲಿಲ್ಲ, ಕೈ ಎತ್ತಿ ತೀರ್ಮಾನಿಸುತ್ತಿದ್ದರು ಅಷ್ಟೆ. ಬೇಕು ಎಂದಾದರೆ ಎಂಟನೆಯ ಪ್ರಿಟನಿಯ ಹೊತ್ತಿಗೆ ಮತದಾನ. ನಡುವಿನ ಆ ಬಿಡುವು ಮುಖ್ಯ: ಒಂದು ದಿನದ ಸಿಟ್ಟಿನಲ್ಲಿ ಯಾರನ್ನೂ ಕಳಿಸಲಾಗುತ್ತಿರಲಿಲ್ಲ.

ಮತದಾನದ ದಿನ ಅಗೋರಾ ಎಂಬ ಪೇಟೆ ಬಯಲಿಗೆ ಬೇಲಿ ಕಟ್ಟಿ, ಬುಡಕಟ್ಟಿಗೊಂದರಂತೆ ಹತ್ತು ಬಾಗಿಲು ಬಿಡುತ್ತಿದ್ದರು. ನಾಗರಿಕರು, ಅಂದರೆ ವಯಸ್ಕ ಗಂಡಸರು ಮಾತ್ರ, ಬರೆದ ಮುಖವನ್ನು ಕೆಳಗೆ ಮಾಡಿ ಬೋಕಿ ಒಪ್ಪಿಸುತ್ತಿದ್ದರು. ಭಾಷಣವಿಲ್ಲ, ಆರೋಪವಿಲ್ಲ, ಸಮರ್ಥನೆಗೂ ಎಡೆಯಿಲ್ಲ. ಒಟ್ಟು 6000 ಬೋಕಿ ಸೇರಿದರೆ ಮತದಾನ ಊರ್ಜಿತ, ಹೆಚ್ಚು ಬೋಕಿ ಬಿದ್ದವನು ಹೊರಡಬೇಕು ಎಂದು ಪ್ರಾಚೀನ ಜೀವನಚರಿತ್ರೆಕಾರ ಪ್ಲೂಟಾರ್ಕ್ ಬರೆಯುತ್ತಾನೆ. ಒಬ್ಬನ ವಿರುದ್ಧವೇ 6000 ಬೇಕಿತ್ತು ಎಂಬ ಇನ್ನೊಂದು ಹೇಳಿಕೆಯೂ ಪ್ರಾಚೀನ ಲೇಖಕರಲ್ಲಿದೆ. ಮೊದಲಿನದನ್ನೇ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ.

ಹೆಸರು ಬಂದವನು ಹತ್ತು ದಿನದೊಳಗೆ ಊರು ಬಿಟ್ಟು ಹತ್ತು ವರ್ಷ ಹೊರಗಿರಬೇಕು. ಆಸ್ತಿ ಅವನದೇ, ಅದರ ಆದಾಯವೂ ಅವನಿಗೇ, ನಾಗರಿಕತ್ವಕ್ಕೂ ಧಕ್ಕೆಯಿಲ್ಲ. ಅವಧಿ ಮುಗಿಸಿ ಬಂದರೆ ಮತ್ತೆ ಅಧಿಕಾರಕ್ಕೂ ಏರಬಹುದು. ಒಬ್ಬನೇ ಬಲಿತು ಸರ್ವಾಧಿಕಾರಿಯಾಗುವ ಮೊದಲೇ, ರಕ್ತ ಹರಿಸದೆ ದೂರ ಇಡುವ ಉಪಾಯ ಇದು. ಪಿಸಿಸ್ಟ್ರಾಟಸ್ ಮನೆತನದ ನಿರಂಕುಶ ಆಡಳಿತ ಕಂಡಿದ್ದ ಊರಿಗೆ ಆ ಹೆದರಿಕೆ ಸಹಜ. ಕಾನೂನು ಅಥೆನ್ಸ್‌ನ ಸುಧಾರಕ ಕ್ಲೈಸ್ಥೆನೀಸನದು ಎಂಬುದು ಪರಂಪರೆ. ಮೊದಲು ಜಾರಿಯಾದದ್ದು ಕ್ರಿ.ಪೂ. 487ರಲ್ಲಿ, ಆ ಮನೆತನದ ನೆಂಟ ಹಿಪಾರ್ಕಸ್‌ನ ಮೇಲೆ. 484ರಲ್ಲಿ, ಮುಂದೆ ಅಥೆನ್ಸ್‌ನ ನಾಯಕನಾದ ಪೆರಿಕ್ಲೀಸನ ತಂದೆ ಜಾಂಥಿಪ್ಪಸ್ ಹೋದ, 482ರಲ್ಲಿ ‘ನ್ಯಾಯವಂತ’ ಎಂದು ಹೆಸರಾದ ಅರಿಸ್ಟೈಡೀಸ್. ಪರ್ಷಿಯನ್ನರು ದಂಡೆತ್ತಿ ಬಂದಾಗ ಇಬ್ಬರನ್ನೂ ವಾಪಸು ಕರೆಸಿಕೊಂಡರು. 479ರಲ್ಲಿ ಅರಿಸ್ಟೈಡೀಸ್ ಪ್ಲಾಟೇಯದ ಕದನದಲ್ಲಿ ಅಥೆನ್ಸ್ ಪಡೆಯನ್ನು ನಡೆಸಿದ, ಜಾಂಥಿಪ್ಪಸ್ ಮಿಕಾಲೆಯ ಕದನದಲ್ಲಿ ನೌಕಾಪಡೆಯನ್ನು. ಬಹಿಷ್ಕೃತನಿಗೆ ಯಾರು ಸೇನೆ ಒಪ್ಪಿಸುತ್ತಾರೆ?

ಇಂದಿನವರೆಗೆ 11,000ಕ್ಕೂ ಹೆಚ್ಚು ಬೋಕಿಗಳು ಸಿಕ್ಕಿವೆ, ಬಹುಪಾಲು ಕೆರಾಮೈಕೋಸ್ ಎಂಬ ಕುಂಬಾರರ ಕೇರಿಯಲ್ಲಿ. ಹೆಸರು, ತಂದೆಯ ಹೆಸರು, ಊರು ಇವಿಷ್ಟು ಸಾಮಾನ್ಯ. ಕೆಲವರು ಬೈಗುಳವನ್ನೂ ಸೇರಿಸಿದ್ದಾರೆ: ಸೇನಾನಾಯಕ ಕಿಮೋನ್‌ನ ಹೆಸರಿದ್ದ ಒಂದರಲ್ಲಿ, ಸೋದರಿ ಎಲ್ಪಿನಿಕೆಯನ್ನೂ ಕರೆದುಕೊಂಡು ಹೋಗು ಎಂದಿದೆ. ಅಥೆನ್ಸ್‌ನ ಕೋಟೆಗುಡ್ಡ ಆಕ್ರೊಪೊಲಿಸ್‌ನ ಉತ್ತರ ಇಳಿಜಾರಿನ ಬಾವಿಯೊಂದರಲ್ಲಿ ರಾಜಕಾರಣಿ ಥೆಮಿಸ್ಟೊಕ್ಲೀಸನ ಹೆಸರಿನ ಸುಮಾರು 190 ಬೋಕಿಗಳು 1937ರಲ್ಲಿ ದೊರೆತವು. ಕೈಬರಹ ನೋಡಿದರೆ ಬರೆದವರು 14 ಮಂದಿ ಮಾತ್ರ. ವಿರೋಧಿಗಳು ಮೊದಲೇ ಬರೆಸಿಟ್ಟು ಹಂಚಲು ತಯಾರಿ ಮಾಡಿಕೊಂಡಿದ್ದರು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ಅಕ್ಷರ ಬಾರದವರಿಗೆ ಅದು ಅನುಕೂಲವೂ ಆಗಿದ್ದಿರಬಹುದು, ಆದರೆ ಮತ ಯಾರದು ಎಂಬ ಪ್ರಶ್ನೆ ಅಲ್ಲೇ ಏಳುತ್ತದೆ.

ಪದ್ಧತಿ ಕುಸಿದದ್ದೂ ಇಂಥ ಕೂಟದಿಂದಲೇ. ಕ್ರಿ.ಪೂ. 417–415ರ ಸುಮಾರಿಗೆ ಎದುರಾಳಿ ನಾಯಕರಾದ ನಿಕಿಯಾಸ್, ಅಲ್ಸಿಬಿಯಾಡೀಸ್ ಇಬ್ಬರಲ್ಲಿ ಒಬ್ಬ ಹೋಗುವುದು ಖಚಿತ ಎನ್ನುವಂತಿತ್ತು. ಇಬ್ಬರ ಬಣಗಳೂ ಒಳಗೊಳಗೇ ಕೈಜೋಡಿಸಿ ಹೈಪರ್ಬೊಲಸ್ ಎಂಬ ಮೂರನೆಯವನಿಗೆ ಬೋಕಿ ಹಾಕಿಸಿದವು. ಅವನ ನಂತರ ಯಾರನ್ನೂ ಹೀಗೆ ಕಳಿಸಿದ ದಾಖಲೆಯಿಲ್ಲ. ಆದರೆ ಮುಂದಿನ ಶತಮಾನದಲ್ಲೂ ಆರನೆಯ ಪ್ರಿಟನಿಯಲ್ಲಿ ಸಭೆಯ ಮುಂದೆ ಆ ಪ್ರಶ್ನೆ ಬರುತ್ತಲೇ ಇತ್ತು.