ಕಣ್ಣಾಮುಚ್ಚಾಲೆ ಕಲಿತ ಮಿಷಿಗನ್ ಡಿಫೆನ್ಸ್

2018ರ ನವೆಂಬರ್ 24ರಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಕೊಲಂಬಸ್ ಊರಿಗೆ ಬಂದಿಳಿದಾಗ ಅದರ ಬೆನ್ನಿಗೆ ಸತತ ಹತ್ತು ಗೆಲುವುಗಳಿದ್ದವು. ಎದುರಾಳಿಗೆ ಅತಿ ಕಡಿಮೆ ಗಜ ಬಿಟ್ಟುಕೊಟ್ಟ ತಂಡ ಎಂದು ದೇಶದಲ್ಲೇ ಮೊದಲ ಸ್ಥಾನವೂ ಇತ್ತು. ಎದುರಿಗಿದ್ದದ್ದು ಹಳೆಯ ವೈರಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ. ಪಂದ್ಯ ಮುಗಿದಾಗ ಓಹಾಯೋ 62-39ರಿಂದ ಗೆದ್ದಿತ್ತು. ಓಹಾಯೋದ ಕ್ವಾರ್ಟರ್‌ಬ್ಯಾಕ್ ಡ್ವೇನ್ ಹ್ಯಾಸ್ಕಿನ್ಸ್ ಒಬ್ಬನೇ ಆರು ಟಚ್‌ಡೌನ್ ಪಾಸ್ ಎಸೆದಿದ್ದ. ಮುಂದಿನ ವರ್ಷ ಮಿಷಿಗನ್‌ನ ಸ್ವಂತ ಮೈದಾನದಲ್ಲೇ 56-27ರ ಸೋಲು.

ಅದೇ ಮಿಷಿಗನ್, 2021ರಲ್ಲಿ ಅದೇ ಓಹಾಯೋವನ್ನು ಸೋಲಿಸಿತು. 2023ರಲ್ಲಿ ಒಂದೂ ಪಂದ್ಯ ಸೋಲದೆ ದೇಶದ ಚಾಂಪಿಯನ್ ಆಯಿತು. ನಡುವೆ ಏನಾಯಿತು? ಹುಡುಗರು ಏಕಾಏಕಿ ಬಲಶಾಲಿಗಳಾದರೇ? ಇಲ್ಲ. ಅವರಿಗೆ ಆಟ ಕಲಿಸುವ ರೀತಿ ಬದಲಾಯಿತು. ನನಗೆ ಈ ಕತೆ ಇಷ್ಟವಾಗುವುದೇ ಆ ಕಾರಣಕ್ಕೆ.

ಈ ಆಟ ಅಷ್ಟಾಗಿ ನೋಡದವರಿಗೆ ಎರಡು ಮಾತು. ಅಮೆರಿಕದಲ್ಲಿ ಫುಟ್‌ಬಾಲ್ ಅಂದರೆ ಕೈಯಲ್ಲಿ ಮೊಟ್ಟೆಯಾಕಾರದ ಚೆಂಡು ಹಿಡಿದು ನುಗ್ಗುವ ಆಟ. ಒಂದೊಂದು ಕಡೆ 11 ಜನ. ಚೆಂಡು ಇರುವ ತಂಡ ನಾಲ್ಕು ಪ್ರಯತ್ನದೊಳಗೆ 10 ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ತಡೆಯುವ ತಂಡವೇ ಡಿಫೆನ್ಸ್. ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಅವನು ಚೆಂಡು ಎಸೆಯುವ ಮೊದಲೇ ಹಿಡಿದು ನೆಲಕ್ಕೆ ಕೆಡವಿದರೆ ಅದು ಸ್ಯಾಕ್. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಪಾಯಿಂಟ್ ಗಳಿಸುವ ಮುಖ್ಯ ದಾರಿ. ಇಷ್ಟು ಗೊತ್ತಿದ್ದರೆ ಸಾಕು.

ಮಿಷಿಗನ್ ಡಿಫೆನ್ಸನ್ನು 2016ರಿಂದ ನೋಡಿಕೊಳ್ಳುತ್ತಿದ್ದವರು ಡಾನ್ ಬ್ರೌನ್. ಅಭಿಮಾನಿಗಳು ಅವರಿಗೆ ಡಾಕ್ಟರ್ ಬ್ಲಿಟ್ಜ್ ಎಂದು ಹೆಸರಿಟ್ಟಿದ್ದರು. ಬ್ಲಿಟ್ಜ್ ಅಂದರೆ ಹಿಂದೆ ನಿಲ್ಲಬೇಕಾದ ಆಟಗಾರರನ್ನೂ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸುವುದು. ಜಾಸ್ತಿ ಜನ ನುಗ್ಗಿದರೆ ಹಿಂದೆ ಕಾಯಲು ಉಳಿಯುವವರು ಕಡಿಮೆ. ಹಾಗಾಗಿ ಹಿಂದಿನವರು ಎದುರಾಳಿಯ ಒಬ್ಬೊಬ್ಬ ಓಟಗಾರನಿಗೆ ಒಬ್ಬೊಬ್ಬರಂತೆ ಅಂಟಿಕೊಂಡೇ ಓಡಬೇಕು. ಇದು ಧೈರ್ಯದ ಆಟ. ನೋಡುವುದಕ್ಕೂ ಚೆಂದ. ಮೊದಲ ಮೂರು ವರ್ಷ ಇದೇ ವಿಧಾನದಿಂದ ಮಿಷಿಗನ್ ದೇಶದ ಅತ್ಯುತ್ತಮ ಡಿಫೆನ್ಸ್‌ಗಳ ಸಾಲಿನಲ್ಲಿತ್ತು. ಬ್ರೌನ್ ಕೆಟ್ಟ ಕೋಚ್ ಆಗಿದ್ದರು ಎಂದು ಈಗ ಹೇಳುವವರಿದ್ದಾರೆ. ಅದು ತಪ್ಪು.

ತೊಂದರೆ ಇದ್ದದ್ದು ಬೇರೆ ಕಡೆ. ಮಿಷಿಗನ್ ಏನು ಮಾಡುತ್ತದೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತಿರುತ್ತಿತ್ತು. ಓಹಾಯೋ ಕೋಚ್‌ಗಳು ಅದಕ್ಕೆ ಸರಳವಾದ ಮದ್ದು ಹುಡುಕಿದರು. ಇಬ್ಬರು ವೇಗದ ಹುಡುಗರನ್ನು ಎರಡು ತುದಿಯಿಂದ ಮೈದಾನಕ್ಕೆ ಅಡ್ಡಲಾಗಿ, ಒಬ್ಬರನ್ನೊಬ್ಬರು ಉಜ್ಜಿಕೊಂಡು ಹೋಗುವಷ್ಟು ಹತ್ತಿರದಲ್ಲಿ ಓಡಿಸಿದರು. ಅವರನ್ನು ಬೆನ್ನಟ್ಟುವ ಮಿಷಿಗನ್ ಹುಡುಗರು ನಡುವೆ ಒಬ್ಬರಿಗೊಬ್ಬರು ಅಡ್ಡ ಬಂದು ಸಿಕ್ಕಿಕೊಳ್ಳುತ್ತಿದ್ದರು. ಜಾತ್ರೆಯ ನೂಕುನುಗ್ಗಲಲ್ಲಿ ಕೈಹಿಡಿದಿದ್ದ ಮಗು ತಪ್ಪಿಹೋಗುತ್ತದಲ್ಲ, ಹಾಗೆ. ಒಂದು ಹೆಜ್ಜೆ ಹಿಂದೆ ಬಿದ್ದರೆ ಮುಗಿಯಿತು. ಚೆಂಡು ಸಿಕ್ಕವನ ಮುಂದೆ ಖಾಲಿ ಬಯಲು. 2018ರ ಆ ದಿನದ ಆಟ ಮತ್ತೆ ನೋಡಿದರೆ ಇದೇ ಓಟ ಬೇರೆಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ.

2020 ಕೋವಿಡ್ ವರ್ಷ. ಆರೇ ಪಂದ್ಯ. ಎರಡು ಗೆಲುವು, ನಾಲ್ಕು ಸೋಲು. ವಿಸ್ಕಾನ್ಸಿನ್ ಬಂದು 49-11ರಿಂದ ಹೊಡೆದು ಹೋಯಿತು. ರಟ್ಗರ್ಸ್ ಮೇಲೆ ಗೆಲ್ಲಲು ಮೂರು ಓವರ್‌ಟೈಮ್ ಬೇಕಾಯಿತು. ಪ್ರತಿ ಪಂದ್ಯಕ್ಕೆ ಸರಾಸರಿ 34.5 ಪಾಯಿಂಟ್ ಬಿಟ್ಟುಕೊಟ್ಟರು. ತಂಡದ ಒಳ್ಳೆಯ ಡಿಫೆಂಡರ್ ಏಡನ್ ಹಚಿನ್ಸನ್ ಮೂರನೇ ಪಂದ್ಯದಲ್ಲೇ ಕಾಲು ಮುರಿದುಕೊಂಡ. ಓಹಾಯೋ ಪಂದ್ಯ ಸೋಂಕಿನ ಕಾರಣಕ್ಕೆ ರದ್ದಾಯಿತು. ವರ್ಷ ಮುಗಿಯುವಾಗ ಬ್ರೌನ್ ಅವರನ್ನು ತೆಗೆದುಹಾಕಿದರು.

ಮುಖ್ಯ ಕೋಚ್ ಜಿಮ್ ಹಾರ್ಬಾ ಅವರ ಕೆಲಸವೂ ತೂಗುಯ್ಯಾಲೆಯಲ್ಲಿತ್ತು. ಅವರು ಇದೇ ಕಾಲೇಜಿನ ಹಳೆಯ ಕ್ವಾರ್ಟರ್‌ಬ್ಯಾಕ್. 2015ರಿಂದ ಓಹಾಯೋ ವಿರುದ್ಧ ಐದಕ್ಕೆ ಐದೂ ಸೋತಿದ್ದರು. ಕಾಲೇಜು ಅವರನ್ನು ಉಳಿಸಿಕೊಂಡಿತು, ಆದರೆ ಸಂಬಳವನ್ನು ಸುಮಾರು 80 ಲಕ್ಷ ಡಾಲರ್‌ನಿಂದ 40 ಲಕ್ಷಕ್ಕೆ ಇಳಿಸಿತು. ಅವರು ಒಪ್ಪಿ ಸಹಿ ಹಾಕಿದರು. ಆಮೇಲೆ ಸಹಾಯಕ ಕೋಚ್‌ಗಳಲ್ಲಿ ಹೆಚ್ಚಿನವರನ್ನು ಬದಲಿಸಿದರು.

ಡಿಫೆನ್ಸಿಗೆ ತಂದದ್ದು 33 ವರ್ಷದ ಮೈಕ್ ಮೆಕ್‌ಡೊನಾಲ್ಡ್ ಅವರನ್ನು. ಅವರು ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವರಲ್ಲ. ಓದುತ್ತಿರುವಾಗಲೇ ಕೋಚಿಂಗ್ ಕಲಿತು, ಬಾಲ್ಟಿಮೋರ್ ರೇವನ್ಸ್ ಎಂಬ ವೃತ್ತಿಪರ ತಂಡಕ್ಕೆ 2014ರಲ್ಲಿ ಇಂಟರ್ನ್ ಆಗಿ ಸೇರಿ ಮೇಲೆ ಬಂದವರು. ರೇವನ್ಸ್ ಮುಖ್ಯ ಕೋಚ್ ಆಗಿದ್ದ ಜಾನ್ ಹಾರ್ಬಾ, ಜಿಮ್ ಅವರ ಸ್ವಂತ ಅಣ್ಣ. ಅಣ್ಣನ ಮನೆಯಿಂದ ತಮ್ಮ ಒಬ್ಬ ಮೇಷ್ಟರನ್ನು ಕರೆದುಕೊಂಡು ಬಂದ ಹಾಗಾಯಿತು. ಡಿಫೆನ್ಸ್ ನಡೆಸುವ ಪೂರ್ತಿ ಹೊಣೆ ಮೆಕ್‌ಡೊನಾಲ್ಡ್‌ಗೆ ಅದೇ ಮೊದಲು. ಕೆಂಟಕಿಯಿಂದ ಸ್ಟೀವ್ ಕ್ಲಿಂಕ್‌ಸ್ಕೇಲ್, ಮೇರಿಲ್ಯಾಂಡ್‌ನಿಂದ ಜಾರ್ಜ್ ಹೀಲೋ ಬಂದು ಜೊತೆ ಸೇರಿದರು.

ಇನ್ನು ಮುಖ್ಯ ವಿಷಯ. ಅವರು ಬದಲಿಸಿದ್ದೇನು?

ಕಬಡ್ಡಿ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ರೈಡರ್ ಒಳಗೆ ಬಂದಾಗ ಎಲ್ಲ ಡಿಫೆಂಡರ್‌ಗಳೂ ಒಟ್ಟಿಗೆ ಮೈಮೇಲೆ ಬೀಳುವುದು ಒಂದು ರೀತಿ. ಹಿಂದೆ ಸರಿದಂತೆ ಮಾಡಿ, ಅವನು ಕಾಲು ಚಾಚಿದ ಕ್ಷಣದಲ್ಲಿ ಅವನು ಲೆಕ್ಕಕ್ಕೇ ಇಟ್ಟುಕೊಂಡಿರದ ಮೂಲೆಯಿಂದ ಹಿಡಿಯುವುದು ಇನ್ನೊಂದು. ಮೆಕ್‌ಡೊನಾಲ್ಡ್ ತಂದದ್ದು ಎರಡನೆಯದು. ಚೆಂಡು ಕದಲುವ ಮೊದಲು ಆರು ಜನ ನುಗ್ಗುವವರಂತೆ ಮುಂದೆ ನಿಲ್ಲುತ್ತಾರೆ. ಕದಲಿದ ಕೂಡಲೇ ಇಬ್ಬರು ಹಿಂದಕ್ಕೆ ಜಾರುತ್ತಾರೆ, ನಾಲ್ಕೇ ಜನ ನುಗ್ಗುತ್ತಾರೆ. ಯಾವ ನಾಲ್ವರು? ಅದು ಪ್ರತಿ ಸಲ ಬೇರೆ. ಹಿಂದಿನವರೂ ಒಂದು ರೀತಿ ನಿಂತು, ಆಮೇಲೆ ಬೇರೆ ಕಡೆ ತಿರುಗುತ್ತಾರೆ. ಆಳಿಗೆ ಆಳು ಅಂಟಿಕೊಳ್ಳುವ ಬದಲು ಒಬ್ಬೊಬ್ಬರು ಒಂದೊಂದು ಜಾಗ ಕಾಯುವುದು ಹೆಚ್ಚಾಯಿತು. ಜಾಗ ಕಾಯುವವನನ್ನು ಅಡ್ಡ ಓಟದಿಂದ ಸಿಕ್ಕಿಸಲು ಆಗುವುದಿಲ್ಲ, ಅಲ್ವಾ? ಓಡುವವನೇ ಅವನ ಕೈಗೆ ಬಂದು ಬೀಳುತ್ತಾನೆ.

ಇದರ ಹಿಂದಿನ ಲೆಕ್ಕ ಸಣ್ಣದು. ಕ್ವಾರ್ಟರ್‌ಬ್ಯಾಕ್‌ಗೆ ಯೋಚಿಸಲು ಸಿಗುವುದು ಎರಡೂವರೆ ಮೂರು ಸೆಕೆಂಡ್. ಅವನು ಮೊದಲೇ ಅಂದುಕೊಂಡದ್ದು ತಪ್ಪೆಂದು ತಿಳಿದು, ಮತ್ತೆ ನೋಡುವಷ್ಟರಲ್ಲಿ ಅರ್ಧ ಸೆಕೆಂಡ್ ಕಳೆದಿರುತ್ತದೆ. ಆ ಅರ್ಧ ಸೆಕೆಂಡ್ ಸಾಕು, ಹಚಿನ್ಸನ್‌ನಂಥವನು ಬಂದು ತಲುಪಲು.

ಹಚಿನ್ಸನ್ 2020ರಲ್ಲೇ ವೃತ್ತಿಪರ ಆಟಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಅವನ ಅಪ್ಪ ಕ್ರಿಸ್ ಇದೇ ತಂಡದ ಕ್ಯಾಪ್ಟನ್ ಆಗಿದ್ದವರು. ಮಗ ವಾಪಸ್ ಬಂದು 2021ರ ಆ ಒಂದು ವರ್ಷದಲ್ಲಿ 14 ಸ್ಯಾಕ್ ಮಾಡಿದ. ಅದು ಕಾಲೇಜಿನ ದಾಖಲೆ. ಇನ್ನೊಂದು ತುದಿಯಲ್ಲಿ ಡೇವಿಡ್ ಒಜಾಬೊ. ನೈಜೀರಿಯಾದಲ್ಲಿ ಹುಟ್ಟಿ, ಸ್ಕಾಟ್ಲೆಂಡ್‌ನಲ್ಲಿ ಬೆಳೆದು, ಅಮೆರಿಕದ ಹೈಸ್ಕೂಲಿಗೆ ಬಂದ ಮೇಲೆ ಈ ಆಟ ಹಿಡಿದ ಹುಡುಗ. ಅದುವರೆಗೆ ಮೈದಾನಕ್ಕೆ ಇಳಿದಿದ್ದೇ ಅಪರೂಪ. ಅವನು 11 ಸ್ಯಾಕ್ ಮಾಡಿದ. ಇಬ್ಬರೂ ಹಳೆಯ ಕೋಚ್ ಕಾಲದಿಂದ ಅಲ್ಲೇ ಇದ್ದವರು. ನನಗೆ ಇಡೀ ಕತೆಯಲ್ಲಿ ಮನಸ್ಸಿಗೆ ತಟ್ಟುವುದು ಇದು.

ಎಲ್ಲವೂ ಸಲೀಸಾಗಿ ನಡೆಯಿತು ಅಂತಲ್ಲ. ಆ ಅಕ್ಟೋಬರ್ ಕೊನೆಗೆ ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ ಮಿಷಿಗನ್ ಸ್ಟೇಟ್ ವಿರುದ್ಧ 37-33ರಿಂದ ಸೋತರು. ಎದುರಾಳಿಯ ಕೆನೆತ್ ವಾಕರ್ ಐದು ಟಚ್‌ಡೌನ್ ಹೊಡೆದ. ಎದುರಾಳಿ ಬಿಡುವು ಕೊಡದೆ ಆಟ ಶುರು ಮಾಡುತ್ತಿತ್ತು, ಇವರು ಆಟಗಾರರನ್ನು ಬದಲಿಸುತ್ತ ಗಡಿಬಿಡಿಗೆ ಬೀಳುತ್ತಿದ್ದರು. ವೇಷ ಹಾಕುವ ಡಿಫೆನ್ಸಿಗೆ ವೇಷ ಹಾಕಲು ಸಮಯ ಬೇಕು. ಸಮಯವನ್ನೇ ಕಿತ್ತುಕೊಂಡರೆ ಕಷ್ಟ.

ನಾಲ್ಕು ವಾರದ ನಂತರ, ನವೆಂಬರ್ 27. ಹಿಮ ಬೀಳುತ್ತಿತ್ತು. ಮಿಷಿಗನ್ ತಂಡದ ಊರು ಆ್ಯನ್ ಆರ್ಬರ್‌ನ ಮೈದಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ. ಓಹಾಯೋ ವಿರುದ್ಧ ಮಿಷಿಗನ್ 2011ರ ನಂತರ ಗೆದ್ದಿರಲಿಲ್ಲ. ಓಹಾಯೋ ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್ ಅಂದೂ 394 ಗಜ ಎಸೆದ, ಅದನ್ನು ಮರೆಯಬಾರದು. ಆದರೆ ಆ ಗಜಗಳು ಪಾಯಿಂಟ್ ಆಗಲಿಲ್ಲ. ಓಡಿ ಮುಂದೆ ಹೋಗುವ ದಾರಿಯನ್ನು 64 ಗಜಕ್ಕೆ ಕಟ್ಟಿಹಾಕಿದರು. ಹಚಿನ್ಸನ್ ಮೂರು ಸಲ ಸ್ಟ್ರೌಡ್‌ನನ್ನು ಕೆಡವಿದ. ಇನ್ನೊಂದು ಕಡೆ ಮಿಷಿಗನ್‌ನ ಹಸನ್ ಹ್ಯಾಸ್ಕಿನ್ಸ್ ಚೆಂಡು ಹಿಡಿದು ಐದು ಟಚ್‌ಡೌನ್ ಮಾಡಿದ. ಡಿಫೆನ್ಸ್ ಚೆನ್ನಾಗಿ ಕಾಣಲು ಈ ನಿಧಾನದ, ಗಟ್ಟಿ ಓಟವೂ ಕಾರಣ. ಗಡಿಯಾರ ಓಡುತ್ತದೆ, ಡಿಫೆನ್ಸಿಗೆ ಉಸಿರು ಸಿಗುತ್ತದೆ. 42-27. ಜನ ಮೈದಾನಕ್ಕೆ ನುಗ್ಗಿದರು. ಮುಂದಿನ ವಾರ ಅಯೋವಾ ವಿರುದ್ಧ 42-3ರಿಂದ ಗೆದ್ದು, 2004ರ ನಂತರ ಮೊದಲ ಬಾರಿ ತಮ್ಮ ಲೀಗ್ ಆದ ಬಿಗ್ ಟೆನ್ ಪ್ರಶಸ್ತಿ ಪಡೆದರು. ಇಡೀ ವರ್ಷ ಬಿಟ್ಟುಕೊಟ್ಟದ್ದು ಸರಾಸರಿ 17.4 ಪಾಯಿಂಟ್. ಹಿಂದಿನ ವರ್ಷದ ಹೆಚ್ಚುಕಡಿಮೆ ಅರ್ಧ.

ಕೊನೆಗೆ ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ ಜಾರ್ಜಿಯಾ 34-11ರಿಂದ ಸೋಲಿಸಿತು. ಮೆಕ್‌ಡೊನಾಲ್ಡ್ ಒಂದೇ ವರ್ಷಕ್ಕೆ ರೇವನ್ಸ್‌ಗೆ ವಾಪಸ್ ಹೋದರು. ಹಚಿನ್ಸನ್, ಒಜಾಬೊ, ಹಿಂದೆ ಕಾಯುತ್ತಿದ್ದ ಡ್ಯಾಕ್ಸ್ ಹಿಲ್ ಮೂವರೂ ವೃತ್ತಿಪರ ಆಟಕ್ಕೆ ಹೋದರು. ಎಲ್ಲ ಮುಗಿಯಿತು ಎಂದೇ ಅನ್ನಿಸುವಂತಿತ್ತು. ಹಾರ್ಬಾ ಇಲ್ಲಿ ಜಾಣ ಕೆಲಸ ಮಾಡಿದರು. ಹೊಸ ಪಾಠ ಹೇಳುವವರನ್ನು ಹುಡುಕದೆ, ರೇವನ್ಸ್‌ನಲ್ಲೇ ಅದೇ ಪಾಠ ಕಲಿತಿದ್ದ ಜೆಸ್ಸಿ ಮಿಂಟರ್ ಅವರನ್ನು ಕರೆತಂದರು. ಹುಡುಗರು ಹೊಸ ಭಾಷೆ ಕಲಿಯಬೇಕಾಗಲಿಲ್ಲ. 2022ರಲ್ಲಿ ಓಹಾಯೋವನ್ನು ಕೊಲಂಬಸ್‌ನಲ್ಲೇ 45-23ರಿಂದ ಸೋಲಿಸಿದರು. ದ್ವಿತೀಯಾರ್ಧದಲ್ಲಿ ಓಹಾಯೋಗೆ ಸಿಕ್ಕಿದ್ದು ಮೂರೇ ಪಾಯಿಂಟ್. ಆದರೆ ಆ ವರ್ಷದ ಕೊನೆಯ ಪಂದ್ಯದಲ್ಲಿ ಟೆಕ್ಸಸ್‌ನ ಟಿಸಿಯು ವಿಶ್ವವಿದ್ಯಾಲಯದ ತಂಡ 51 ಪಾಯಿಂಟ್ ಹೊಡೆದು ಸೋಲಿಸಿತು.

ಈ ಕತೆಯ ಕಪ್ಪು ಚುಕ್ಕೆಯನ್ನೂ ಹೇಳಲೇಬೇಕು. ಎದುರಾಳಿ ಕೋಚ್‌ಗಳು ಕೈಸನ್ನೆಯಲ್ಲಿ ಕೊಡುವ ಸೂಚನೆಗಳನ್ನು, ಮುಂದೆ ಆಡಬೇಕಾದ ತಂಡಗಳ ಪಂದ್ಯಕ್ಕೆ ಜನ ಕಳಿಸಿ ಚಿತ್ರೀಕರಿಸುವ ಜಾಲವನ್ನು ಮಿಷಿಗನ್ ಸಿಬ್ಬಂದಿಯೊಬ್ಬ ನಡೆಸಿದ್ದ. 2023ರ ಅಕ್ಟೋಬರ್‌ನಲ್ಲಿ ಅದು ಹೊರಬಂತು. ಹಾರ್ಬಾ ಅವರನ್ನು ಲೀಗ್ ಹಂತದ ಕೊನೆಯ ಮೂರು ಪಂದ್ಯಗಳಿಂದ ಹೊರಗಿಟ್ಟರು. 2025ರ ಆಗಸ್ಟ್‌ನಲ್ಲಿ ಕಾಲೇಜು ಕ್ರೀಡಾ ಮಂಡಳಿ ಎನ್‌ಸಿಎಎ ದೊಡ್ಡ ದಂಡವನ್ನೇ ಹಾಕಿತು, ಗೆಲುವುಗಳನ್ನು ಮಾತ್ರ ಕಿತ್ತುಕೊಳ್ಳಲಿಲ್ಲ. ಡಿಫೆನ್ಸಿಗೆ ಇದರಿಂದ ಲಾಭವೇ ಆಗಲಿಲ್ಲ ಎಂದು ನಾನು ಹೇಳಲಾರೆ. ಎದುರಾಳಿಯ ಸೂಚನೆ ಮೊದಲೇ ಗೊತ್ತಿದ್ದರೆ ಯಾರಿಗಾದರೂ ಅನುಕೂಲವೇ. ಅದು ತಪ್ಪು, ಮತ್ತು ಆ ಹುಡುಗರು ಬೆವರು ಸುರಿಸಿ ಕಲಿತದ್ದರ ಮೇಲೂ ಅದರ ನೆರಳು ಬಿತ್ತು. ಆದರೂ ಜಾಲ ಬಯಲಾದ ಮೇಲೆ, ಎಲ್ಲರ ಕಣ್ಣು ಇವರ ಮೇಲೇ ಇದ್ದಾಗ, ಅತಿ ಕಷ್ಟದ ಪಂದ್ಯಗಳನ್ನು ಆಡಿ ಗೆದ್ದರು ಎಂಬುದೂ ನಿಜ. ಓಹಾಯೋ ಮೇಲೆ 30-24, ಅಲಬಾಮಾ ಮೇಲೆ ಓವರ್‌ಟೈಮ್‌ನಲ್ಲಿ 27-20. ಆ ವರ್ಷ ಬಿಟ್ಟುಕೊಟ್ಟದ್ದು ಸರಾಸರಿ 10.4 ಪಾಯಿಂಟ್, ದೇಶದಲ್ಲೇ ಕಡಿಮೆ.

2024ರ ಜನವರಿ 8ರಂದು ಹ್ಯೂಸ್ಟನ್‌ನಲ್ಲಿ ಫೈನಲ್. ಎದುರಿಗೆ ವಾಷಿಂಗ್ಟನ್, ಪಾಸ್ ಎಸೆಯುವುದರಲ್ಲಿ ಎತ್ತಿದ ಕೈ. ಪಂದ್ಯ ಮುಗಿಯಲು ಐದು ನಿಮಿಷವೂ ಇಲ್ಲದಾಗ ಅವರ ಕ್ವಾರ್ಟರ್‌ಬ್ಯಾಕ್ ಮೈಕಲ್ ಪೆನಿಕ್ಸ್ ಎಸೆದ ಚೆಂಡನ್ನು ಮಿಷಿಗನ್‌ನ ಮೈಕ್ ಸೈನ್‌ರಿಸ್ಟಿಲ್ ಹಿಡಿದು 81 ಗಜ ಓಡಿದ. ಹೈಟಿಯಲ್ಲಿ ಹುಟ್ಟಿದ ಈ ಹುಡುಗ ಬ್ರೌನ್ ಕಾಲದಲ್ಲಿ ಡಿಫೆನ್ಸಿನಲ್ಲೇ ಇರಲಿಲ್ಲ, ಚೆಂಡು ಹಿಡಿಯುವ ರಿಸೀವರ್ ಆಗಿದ್ದ. 2022ರಲ್ಲಷ್ಟೇ ಕೋಚ್‌ಗಳು ಈ ಕಡೆಗೆ ತಂದಿದ್ದರು. ಸ್ಕೋರ್ 34-13. ಆ ರಾತ್ರಿ ವಾಷಿಂಗ್ಟನ್‌ಗೆ ಸಿಕ್ಕಿದ್ದು ಒಂದೇ ಟಚ್‌ಡೌನ್.