ಟವರ್ ಎತ್ತರಿಸೋ ಮುಂಚೆ ಗೋಡೆ ನೋಡಿ

ಹ್ಯಾಮ್ ರೇಡಿಯೋ (ಹವ್ಯಾಸಕ್ಕೆ ರೇಡಿಯೋದಲ್ಲಿ ದೂರದೋರ ಜೊತೆ ಮಾತಾಡೋದು) ಹಚ್ಚಿಕೊಂಡೋರಿಗೆ ಎತ್ತರದ ಆಸೆ ಯಾಕೆ ಅಂತ ಬಿಡಿಸಿ ಹೇಳೋದೇನೂ ಬೇಡ, 14 ಮೆಗಾಹರ್ಟ್ಸ್ ಡೈಪೋಲ್ (ಎರಡು ಕಡೆ ಚಾಚಿದ ಆಂಟೆನಾ) 10 ಮೀಟರ್ ಎತ್ತರಕ್ಕೆ ಹೋದ್ರೆ ಸಿಗ್ನಲ್ ನೆಟ್ಟಗೆ ನೆತ್ತಿ ಕಡೆ ಹೋಗೋದು ಕಮ್ಮಿಯಾಗಿ ದೂರದೂರಿಗೆ ಮುಟ್ಟುತ್ತೆ. ಆದ್ರೆ ಚಿಕ್ಕಮಗಳೂರು ಕಡೆ ಮನೆಗೋಡೆಗೆ ಬ್ರಾಕೆಟ್ ಹೊಡೆದು ನಿಲ್ಸಿರೋ ಟವರಿಗೆ "ಇನ್ನೊಂದು ಲೆಂತ್ ಪೈಪ್ ಸೇರಿಸಿದ್ರಾಯ್ತು, ಪೈಪ್ ಗಟ್ಟಿ ಇದೆ" ಅಂತಾರಲ್ಲ, ಅದನ್ನ ಕೇಳಿದ್ರೆ ನಂಗೆ ಎದೆ ಧಸಕ್ ಅನ್ನುತ್ತೆ. ಪೈಪ್ ಗಟ್ಟಿ ಇರ್ಬೋದು, ಗೋಡೆ?

ತೋಟದಲ್ಲಿ ಹಾರೆ ಹಾಕಿ ಬಂಡೆ ಮೀಟೋದು ನೋಡಿರ್ತೀರಿ. ಟವರೇ ಆ ಹಾರೆ, ಮೀಟೋ ಕೈ ಗಾಳೀದು, ಮೇಲಿನ ಬ್ರಾಕೆಟ್ ಹಾರೆಗೆ ಒತ್ತು ಕೊಡೋ ಕಲ್ಲು, ಏಳೋ ಬಂಡೆ ಅಂದ್ರೆ ಕೆಳಗಿನ ಬ್ರಾಕೆಟ್ಟಿನ ಬೋಲ್ಟು. ಎರಡು ಬ್ರಾಕೆಟ್ ಮಧ್ಯೆ 3 ಮೀಟರ್ ಇದೆ, ಆಂಟೆನಾ ಮೇಲೆ ಗಾಳಿ 30 ಕೆಜಿ ತೂಕದಷ್ಟು ದೂಡ್ತಿದೆ ಅಂತಿಟ್ಕೊಳ್ಳಿ, ಬುಡದ ಹಿಡಿತ ಲೆಕ್ಕಕ್ಕೆ ಬೇಡ. ಆಂಟೆನಾ ಮೇಲಿನ ಬ್ರಾಕೆಟ್ಟಿಂದ 2 ಮೀಟರ್ ಎತ್ತರದಲ್ಲಿದ್ರೆ ಕೆಳಗಿನ ಬ್ರಾಕೆಟ್ಟಿಗೆ 20, ಮೇಲಿನದಕ್ಕೆ 50 ಕೆಜಿ. ಅದನ್ನೇ 5 ಮೀಟರಿಗೆ ಏರಿಸಿದ್ರೆ 50 ಮತ್ತು 80. ಆಂಟೆನಾ ಅದೇ, ಗಾಳೀನೂ ಅದೇ! ಗಾಳಿ ದಿಕ್ಕು ತಿರುಗಿದ್ರೆ ದೊಡ್ಡ ಸೆಳೆತ ಮೇಲಿನ ಬೋಲ್ಟುಗಳ ಪಾಲಿಗೆ ಬರುತ್ತೆ. ಆಷಾಢದಲ್ಲಿ ಗಾಳಿ ವೇಗ ಎರಡರಷ್ಟಾದ್ರೆ ದೂಡೋ ಬಲ ನಾಲ್ಕರಷ್ಟಾಗುತ್ತೆ, ಗೋಡೆ ಬೇರೆ ನೆಂದಿರುತ್ತೆ.

ಗೋಡೆಗೆ ನಾಟಿದ ತೊಲೆ ತುದೀಲಿ ಭಾರ ನೇತುಹಾಕಿರೋ ಚಿತ್ರನ ಗೆಲಿಲಿಯೋ 1638ರಲ್ಲೇ ಅಚ್ಚು ಹಾಕ್ಸಿದ್ದ, ತೊಲೆಯನ್ನ ಸನ್ನೆಗೋಲು ಅಂತಾನೇ ನೋಡಿದ್ದ. ಮರದೊಳಗೆ ಬಲ ಹೆಂಗೆ ಹಂಚಿಕೊಳ್ಳುತ್ತೆ ಅನ್ನೋದು ಅವನಿಗೆ ಸರಿಯಾಗಿ ಸಿಗ್ಲಿಲ್ಲ, ಉದ್ದ ಆದಷ್ಟೂ ಬುಡಕ್ಕೆ ಕಷ್ಟ ಅನ್ನೋದು ಸಿಕ್ಕಿತ್ತು.

ಹಂಗಾಗಿ ಮೊದ್ಲು ಏಣಿ ಹತ್ತಿ ಬ್ರಾಕೆಟ್ ಹತ್ರ ಕಣ್ಣಿಟ್ಟು ನೋಡಿ. ವಾಷರ್ ಸುತ್ತ ಪ್ಲಾಸ್ಟರಲ್ಲಿ ಕೂದಲೆಳೆ ಬಿರುಕು, ಕೆಳಗೆ ಇಟ್ಟಿಗೆ ಪುಡಿ ಕಂಡ್ರೆ ಬೋಲ್ಟ್ ಆಗ್ಲೇ ಅಲ್ಲಾಡ್ತಿದೆ ಅಂತ ಅರ್ಥ, ಎತ್ತರದ ಮಾತು ಅಲ್ಲಿಗೇ ಬಿಡಿ. ಹಳೇ ಮಣ್ಣಿನ ಗೋಡೆಗಂತೂ ಬ್ರಾಕೆಟ್ಟೇ ಬೇಡ. ಗೋಡೆ ಚೆನ್ನಾಗಿದ್ರೂ ಬೋಲ್ಟ್ ಗೋಡೆ ಆಚೆ ತನಕ ತೂರಿ ಹೋಗಿ ಒಳಗಡೆ ದಪ್ಪ ಪ್ಲೇಟ್ ಹಿಡಿದಿರ್ಬೇಕು. ಆಮೇಲೆ ಹೊಸ ಭಾಗಕ್ಕೆ, ಆಂಟೆನಾ ಸ್ವಲ್ಪ ಕೆಳಗೆ, ಮೂರು ದಿಕ್ಕಿಗೆ ಸ್ಟೇ ವೈರ್ ಎಳೀರಿ, ನೆಲದಲ್ಲಿ ಕಾಂಕ್ರೀಟ್ ಹಾಕಿ ಬಿಗೀರಿ, ಪ್ಯಾರಾಪೆಟ್ಟಿಗೆ ಕಟ್ಟಬೇಡಿ. ಆಗ ಮೀಟೋ ಬಲದ ದೊಡ್ಡ ಪಾಲು ತಂತಿಗೇ ಹೋಗುತ್ತೆ. ಇನ್ನೊಂದು, ಟವರ್ ಪೂರ್ತಿ ಉದ್ದಕ್ಕೆ ಯಾವ ಕಡೆ ಬಿದ್ರೂ ಕರೆಂಟ್ ಲೈನಿಗೆ ತಾಗಬಾರ್ದು, ತಾಗೋ ಹಂಗಿದ್ರೆ ಆ ಜಾಗದಲ್ಲಿ ಒಂದಡೀನೂ ಏರಿಸಬೇಡಿ.