ಬ್ರಿಟನ್ ಸರ್ಕಾರದ ಹತ್ತಿರ ನಿಜವಾಗ್ಲೂ ದುಡ್ಡಿಲ್ವಾ?

ಓದುಗರ ಪ್ರಶ್ನೆ: ಬ್ರಿಟನ್‌ನಲ್ಲಿ ಸಂಬಳದ ದೊಡ್ಡ ಪಾಲು ತೆರಿಗೆಗೇ ಹೋಗುತ್ತದೆ ಅಂತಾರೆ. ಹಾಗಿದ್ದೂ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕಾಯಬೇಕು, ರಸ್ತೆ ತುಂಬ ಗುಂಡಿ. ಯಾವ ಪಕ್ಷ ಬಂದರೂ ದುಡ್ಡಿಲ್ಲ ಅನ್ನುತ್ತದೆ. ಪೌಂಡ್ ಅವರದೇ ನೋಟು ಅಲ್ವಾ? ಬೇಕಾದಷ್ಟು ಮುದ್ರಿಸಿಕೊಳ್ಳಬಾರದಾ?

ಉತ್ತರ: ದುಡ್ಡು ಇದೆ. 2024-25ರಲ್ಲಿ ಬ್ರಿಟನ್ ಸರ್ಕಾರ ಖರ್ಚು ಮಾಡಿದ್ದು ಸುಮಾರು ಒಂದೂಕಾಲು ಲಕ್ಷ ಕೋಟಿ ಪೌಂಡ್. ಇಡೀ ದೇಶ ವರ್ಷಕ್ಕೆ ದುಡಿಯುವುದರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು. ಇಷ್ಟು ಖರ್ಚು ಮಾಡುವ ಸರ್ಕಾರ ದುಡ್ಡಿಲ್ಲ ಅಂದಾಗ ಕೇಳಬೇಕಾದದ್ದು ಒಂದೇ: ಯಾರಿಗೆ ಇಲ್ಲ?

ಈ 'ದುಡ್ಡಿಲ್ಲ' ಅನ್ನೋ ಮಾತಿಗೆ ಅಲ್ಲಿ ಒಂದು ಚೀಟಿಯ ಕಥೆಯಿದೆ. 2010ರ ಮೇನಲ್ಲಿ ಲೇಬರ್ ಸರ್ಕಾರ ಸೋತು ಹೊರಟಾಗ, ಹಣಕಾಸು ಇಲಾಖೆಯ ಸಚಿವ ಲಿಯಾಮ್ ಬರ್ನ್ ತಮ್ಮ ಜಾಗಕ್ಕೆ ಬರುವವರಿಗೆ ಮೇಜಿನ ಮೇಲೆ ಚೀಟಿ ಬರೆದಿಟ್ಟರು. ದುಡ್ಡೇನೂ ಉಳಿದಿಲ್ಲ, ನಿಮಗೆ ಒಳ್ಳೆಯದಾಗಲಿ ಅಂತ. ಹೋಗುವವರು ಬರುವವರಿಗೆ ತಮಾಷೆಗೆ ಬರೆದದ್ದು. ಆದರೆ ಕನ್ಸರ್ವೇಟಿವ್ ಪಕ್ಷ ಅದನ್ನು ಬಿಡಲಿಲ್ಲ. ಅದರ ನಾಯಕ, ಪ್ರಧಾನಿ ಡೇವಿಡ್ ಕ್ಯಾಮರಾನ್ 2015ರ ಚುನಾವಣೆಯಲ್ಲೂ ಆ ಚೀಟಿ ತೋರಿಸಿ ವೋಟು ಕೇಳಿದರು. ನಡುವಿನ ಐದು ವರ್ಷದ ಖರ್ಚು ಕಡಿತಕ್ಕೆ ಅದೇ ಸಮರ್ಥನೆಯಾಯಿತು.

ಈಗ ಮುದ್ರಿಸುವ ವಿಷಯ. ನಮ್ಮ ರಿಸರ್ವ್ ಬ್ಯಾಂಕಿನಂಥ ಬ್ಯಾಂಕ್ ಆಫ್ ಇಂಗ್ಲೆಂಡ್ ಅದನ್ನೂ ಮಾಡಿದೆ. 2009ರಿಂದ 2021ರವರೆಗೆ ಹೊಸದಾಗಿ ಹಣ ಸೃಷ್ಟಿಸಿ ಸುಮಾರು 89,500 ಕೋಟಿ ಪೌಂಡ್ ಬೆಲೆಯ ಬಾಂಡ್, ಅಂದರೆ ಸಾಲಪತ್ರ, ಕೊಂಡಿತು. ಬಹುಪಾಲು ಸರ್ಕಾರದ್ದೇ ಬಾಂಡ್. ಆಗ ಬಡ್ಡಿ ಸೊನ್ನೆಯ ಹತ್ತಿರ ಇತ್ತು, ಹಾಗಾಗಿ ಪುಕ್ಕಟೆ ಅನ್ನಿಸಿತು. ಆಮೇಲೆ ಯುಕ್ರೇನ್ ಯುದ್ಧ ಬಂತು, ಗ್ಯಾಸ್ ಬೆಲೆ ಗಗನಕ್ಕೇರಿತು. 2022ರ ಅಕ್ಟೋಬರಿನಲ್ಲಿ ಬೆಲೆ ಏರಿಕೆ ಶೇ 11.1 ಮುಟ್ಟಿತು. ಅದನ್ನು ತಡೆಯಲು ಬ್ಯಾಂಕ್ ತನ್ನ ಬಡ್ಡಿ ದರವನ್ನು ಶೇ 0.1ರಿಂದ ಏರಿಸುತ್ತಾ 2023ರ ಆಗಸ್ಟ್ ಹೊತ್ತಿಗೆ ಶೇ 5.25ಕ್ಕೆ ತಂದಿತು. ತಾನು ಸೃಷ್ಟಿಸಿದ ಹಣ ಬೇರೆ ಬ್ಯಾಂಕುಗಳ ಖಾತೆಯಲ್ಲಿ ಕೂತಿದೆಯಲ್ಲ, ಅದಕ್ಕೂ ಇದೇ ದರದಲ್ಲಿ ಬಡ್ಡಿ ಕೊಡಬೇಕು. ಆ ನಷ್ಟವನ್ನು ತುಂಬಿಕೊಡುವುದು ಸರ್ಕಾರದ ಖಜಾನೆ. ಅಂದರೆ ಮುದ್ರಿಸಿದ ದುಡ್ಡಿನ ಬಿಲ್ಲೂ ಕೊನೆಗೆ ತೆರಿಗೆ ಕಟ್ಟುವವರ ಹತ್ತಿರವೇ ಬಂತು.

ಹಾಗಾದರೆ ಸಾಲ ಮಾಡಬಹುದಲ್ಲ? ಮಾಡುತ್ತಲೇ ಇದ್ದಾರೆ. 2007ರ ಸುಮಾರಿಗೆ ಸರ್ಕಾರದ ಸಾಲ ದೇಶದ ವಾರ್ಷಿಕ ಆದಾಯದ ಮೂರನೇ ಒಂದು ಭಾಗದಷ್ಟಿತ್ತು. ಬ್ಯಾಂಕುಗಳ ಕುಸಿತ, ಕೋವಿಡ್, ಕರೆಂಟು-ಗ್ಯಾಸ್ ಬಿಲ್ಲಿನ ನೆರವು ಎಲ್ಲ ಸೇರಿ ಈಗ ಹೆಚ್ಚುಕಮ್ಮಿ ಆ ಆದಾಯದಷ್ಟೇ ಆಗಿದೆ. ವರ್ಷದ ಬಡ್ಡಿಯೇ 10,000 ಕೋಟಿ ಪೌಂಡ್ ದಾಟಿದೆ. ಸೇನೆಗೆ ಮಾಡುವ ಖರ್ಚಿಗಿಂತ ಇದು ಜಾಸ್ತಿ. ಇನ್ನೊಂದು ತೊಂದರೆಯೂ ಇದೆ. ಬ್ರಿಟನ್ನಿನ ಸಾಲಪತ್ರಗಳಲ್ಲಿ ಸುಮಾರು ಕಾಲು ಭಾಗ ಬೆಲೆ ಏರಿಕೆಗೆ ಜೋಡಿಸಿದಂಥವು. ಸಾಮಾನಿನ ಬೆಲೆ ಏರಿದರೆ ಸರ್ಕಾರದ ಸಾಲವೂ ತಾನಾಗಿ ಏರುತ್ತದೆ.

ಸಾಲ ಕೊಡುವವರು ಮುನಿಸಿಕೊಂಡರೆ ಏನಾಗುತ್ತದೆ ಅಂತ 2022ರಲ್ಲಿ ಜಗತ್ತೇ ನೋಡಿತು. ಸೆಪ್ಟೆಂಬರ್ 23ರಂದು ಪ್ರಧಾನಿ ಲಿಜ್ ಟ್ರಸ್ ಸರ್ಕಾರದ ಹಣಕಾಸು ಮಂತ್ರಿ ಕ್ವಾಸಿ ಕ್ವಾರ್ಟೆಂಗ್ ಸುಮಾರು 4,500 ಕೋಟಿ ಪೌಂಡ್ ತೆರಿಗೆ ಕಡಿತ ಘೋಷಿಸಿದರು. ಆ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವ ಲೆಕ್ಕ ಕೊಡಲಿಲ್ಲ. ಬಜೆಟ್ ಲೆಕ್ಕ ತಾಳೆ ನೋಡಲೆಂದೇ ಒಬಿಆರ್ ಎಂಬ ಸ್ವತಂತ್ರ ಸಂಸ್ಥೆ 2010ರಿಂದ ಇದೆ, ಅದರ ವರದಿಯನ್ನೂ ಜೊತೆಗಿಡಲಿಲ್ಲ. ಮೂರು ದಿನ ಬಿಟ್ಟು ಸೋಮವಾರ ಪೌಂಡ್ ಬೆಲೆ 1.03 ಡಾಲರಿಗೆ ಇಳಿಯಿತು. ಸರ್ಕಾರಿ ಬಾಂಡ್ ಬೆಲೆ ಬಿದ್ದು ಪಿಂಚಣಿ ನಿಧಿಗಳೇ ಅಲ್ಲಾಡತೊಡಗಿದವು. ಬುಧವಾರ ಬ್ಯಾಂಕ್ ಆಫ್ ಇಂಗ್ಲೆಂಡ್ ನಡುವೆ ಬಂದು ಬಾಂಡ್ ಕೊಳ್ಳಬೇಕಾಯಿತು. ಮನೆ ಸಾಲದ ಬಡ್ಡಿ ಶೇ 6 ದಾಟಿತು. ಅಕ್ಟೋಬರ್ 14ಕ್ಕೆ ಕ್ವಾರ್ಟೆಂಗ್ ಮನೆಗೆ ಹೋದರು, 20ಕ್ಕೆ ಟ್ರಸ್ ರಾಜೀನಾಮೆ ಘೋಷಿಸಿದರು.

ಅಲ್ಲಿಂದ ಎರಡೂ ಪಕ್ಷದವರಿಗೆ ಬಾಂಡ್ ಮಾರುಕಟ್ಟೆ ಅಂದರೆ ಅಳುಕು. ಆ ಅಳುಕಿಗೆ ಕಾರಣವಿದೆ. 2025ರಲ್ಲಿ 30 ವರ್ಷದ ಸರ್ಕಾರಿ ಸಾಲದ ಬಡ್ಡಿ ಟ್ರಸ್ ಕಾಲಕ್ಕಿಂತಲೂ ಮೇಲೆ ಹೋಯಿತು. 1998ರ ನಂತರ ಅಲ್ಲಿವರೆಗೆ ಅಷ್ಟು ಏರಿರಲೇ ಇಲ್ಲ.

ಉಳಿದದ್ದು ತೆರಿಗೆ. ಇಲ್ಲಿಂದ ಮುಂದೆ ಲೆಕ್ಕಕ್ಕಿಂತ ರಾಜಕೀಯವೇ ಜಾಸ್ತಿ. 2024ರ ಚುನಾವಣೆಗೆ ಮುಂಚೆ ಲೇಬರ್ ಪಕ್ಷ ಮಾತು ಕೊಟ್ಟಿತ್ತು: ಇನ್ಕಮ್ ಟ್ಯಾಕ್ಸ್, ನ್ಯಾಷನಲ್ ಇನ್ಶೂರೆನ್ಸ್ (ಸಂಬಳದ ಮೇಲೆ ಕೆಲಸಗಾರರೂ ಕೆಲಸ ಕೊಡುವವರೂ ಕಟ್ಟುವ ಇನ್ನೊಂದು ತೆರಿಗೆ), ವ್ಯಾಟ್ ಏರಿಸಿ ದುಡಿಯುವ ಜನಕ್ಕೆ ಹೊರೆ ಮಾಡುವುದಿಲ್ಲ. ಸರ್ಕಾರಕ್ಕೆ ತೆರಿಗೆ ತರುವ ಮೂರು ದೊಡ್ಡ ಬಾಗಿಲು ಇವೇ. ಮೂರನ್ನೂ ತಾವೇ ಮುಚ್ಚಿಕೊಂಡು ಅಧಿಕಾರಕ್ಕೆ ಬಂದರು. ಗೆದ್ದು ಬಂದ ತಿಂಗಳಲ್ಲೇ ಹಣಕಾಸು ಮಂತ್ರಿ ರೇಚಲ್ ರೀವ್ಸ್, ಹಿಂದಿನವರು 2,200 ಕೋಟಿ ಪೌಂಡ್ ಕೊರತೆ ಬಿಟ್ಟುಹೋಗಿದ್ದಾರೆ ಅಂದರು. ಅಕ್ಟೋಬರಿನ ಬಜೆಟ್ಟಿನಲ್ಲಿ ಸುಮಾರು 4,000 ಕೋಟಿ ಪೌಂಡ್ ತೆರಿಗೆ ಏರಿಸಿದರು. ಅದರಲ್ಲಿ ದೊಡ್ಡ ಪಾಲು ಕೆಲಸ ಕೊಡುವವರು ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್‌ನದು. ಅದನ್ನು ಶೇ 13.8ರಿಂದ 15ಕ್ಕೆ ತಂದರು.

ಜನರ ಮೇಲಿನ ಏರಿಕೆ ಸದ್ದಿಲ್ಲದೆ ಬೇರೆ ದಾರಿಯಲ್ಲಿ ನಡೆದಿದೆ. ವರ್ಷಕ್ಕೆ 12,570 ಪೌಂಡ್‌ವರೆಗಿನ ಆದಾಯಕ್ಕೆ ಇನ್ಕಮ್ ಟ್ಯಾಕ್ಸ್ ಇಲ್ಲ. ಈ ಮಿತಿ 2021ರಿಂದ ಅಲ್ಲೇ ನಿಂತಿದೆ. ನಿಲ್ಲಿಸಿದವರು ಆಗ ಹಣಕಾಸು ಮಂತ್ರಿಯಾಗಿದ್ದ, ನಾರಾಯಣಮೂರ್ತಿಯವರ ಅಳಿಯ ರಿಷಿ ಸುನಕ್. 2025ರ ನವೆಂಬರ್ ಬಜೆಟ್ಟಿನಲ್ಲಿ ರೀವ್ಸ್ ಅದನ್ನು 2031ರವರೆಗೆ ಮುಂದುವರಿಸಿದರು. ಒಂದು ಲೆಕ್ಕ ಹಾಕಿ ನೋಡಿ. ಸಂಬಳ 30,000 ಪೌಂಡ್ ಇದ್ದಾಗ ಇನ್ಕಮ್ ಟ್ಯಾಕ್ಸ್ 3,486. ಬೆಲೆ ಏರಿಕೆಗೆ ತಕ್ಕಂತೆ ಮಾತ್ರ ಸಂಬಳ 36,000ಕ್ಕೆ ಬಂತು ಅನ್ನಿ. ಕೊಳ್ಳುವ ಶಕ್ತಿ ಅಷ್ಟೇ ಇದೆ, ಒಂದು ಕಾಸೂ ಜಾಸ್ತಿಯಾಗಿಲ್ಲ. ತೆರಿಗೆ ಮಾತ್ರ 4,686 ಆಯಿತು. ಸಂಬಳ ಏರಿದ್ದು ಶೇ 20, ತೆರಿಗೆ ಏರಿದ್ದು ಶೇ 34. ತೆರಿಗೆಯ ದರ ಹಾಗೇ ಇದೆ, ಮಾತೂ ಉಳಿಯಿತು, ದುಡ್ಡೂ ಬಂತು. ಇದು ನನಗೆ ಸರಿ ಕಾಣುವುದಿಲ್ಲ. ತೆರಿಗೆ ಬೇಕಿದ್ದರೆ ಬೇಕು ಅಂತ ಹೇಳಿ ಕೇಳಬೇಕು. ಫ್ರಾನ್ಸ್, ಜರ್ಮನಿಯವರು ದೇಶದ ಆದಾಯದಲ್ಲಿ ಇದಕ್ಕಿಂತ ದೊಡ್ಡ ಪಾಲನ್ನು ತೆರಿಗೆಯಾಗಿ ಕಟ್ಟುತ್ತಾರೆ. ಹಾಗಾಗಿ ಬ್ರಿಟನ್ನಿಗೆ ಅದು ಆಗದ ಮಾತೇನಲ್ಲ.

ಖರ್ಚಿನ ಕಡೆ ನೋಡಿದರೆ, ದೊಡ್ಡ ಖರ್ಚುಗಳೆಲ್ಲ ಮುಟ್ಟಿದರೆ ಸಿಡಿಯುವಂಥವು. ಪಿಂಚಣಿ ಮತ್ತು ಭತ್ಯೆಗಳಿಗೆ 30,000 ಕೋಟಿ ಪೌಂಡ್‌ಗೂ ಹೆಚ್ಚು. ಆರೋಗ್ಯಕ್ಕೆ 20,000 ಕೋಟಿಗೂ ಹೆಚ್ಚು. ವೃದ್ಧಾಪ್ಯ ಪಿಂಚಣಿಗೆ 'ಟ್ರಿಪಲ್ ಲಾಕ್' ಅನ್ನುವ ಭರವಸೆಯಿದೆ. ಸಂಬಳದ ಏರಿಕೆ, ಬೆಲೆ ಏರಿಕೆ, ಶೇ 2.5 ಈ ಮೂರರಲ್ಲಿ ಯಾವುದು ಜಾಸ್ತಿಯೋ ಅಷ್ಟು ಪ್ರತಿ ವರ್ಷ ಏರಬೇಕು. 2023ರಲ್ಲಿ ಶೇ 10.1 ಏರಿತು, ಮರುವರ್ಷ 8.5. ರೀವ್ಸ್ 2024ರಲ್ಲಿ ವಯಸ್ಸಾದವರಿಗೆ ಚಳಿಗಾಲದಲ್ಲಿ ಕೊಡುವ ಇಂಧನ ಭತ್ಯೆಯನ್ನು ಬಡವರಿಗಷ್ಟೇ ಸೀಮಿತ ಮಾಡಿದರು. ಎಷ್ಟು ಆಕ್ರೋಶ ಎದ್ದಿತೆಂದರೆ, 2025ರ ಜೂನ್‌ನಲ್ಲಿ ಬಹುಪಾಲು ಜನಕ್ಕೆ ವಾಪಸ್ ಕೊಡಬೇಕಾಯಿತು.

ಹಾಗಾದರೆ ಕತ್ತರಿ ಬೀಳುವುದು ಎಲ್ಲಿ? ಕತ್ತರಿಸಿದ ದಿನ ಯಾರಿಗೂ ಗೊತ್ತಾಗದ ಕಡೆ. ನಾರ್ಫೋಕ್ ಜಿಲ್ಲೆಯ ಕಿಂಗ್ಸ್ ಲಿನ್ ಊರಿನ ಕ್ವೀನ್ ಎಲಿಜಬೆತ್ ಆಸ್ಪತ್ರೆಯನ್ನೇ ನೋಡಿ. 1980ರಲ್ಲಿ ಶುರುವಾದ ಕಟ್ಟಡ, 30 ವರ್ಷ ಬಾಳಿಕೆ ಬಂದರೆ ಸಾಕು ಅಂತ ಕಟ್ಟಿದ್ದು. ಚಾವಣಿಗೆ ಹಾಕಿದ್ದು ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟು. ಕಡಿಮೆ ಬೆಲೆಗೆ ಬೇಗ ಕಟ್ಟಬಹುದು, ಆದರೆ ನೀರು ಇಳಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಒಮ್ಮೆಲೇ ಕುಸಿಯಬಹುದು. ಅದಕ್ಕೇ ವಾರ್ಡುಗಳಲ್ಲಿ, ಓಡಾಡುವ ದಾರಿಗಳಲ್ಲಿ ಕಬ್ಬಿಣದ, ಮರದ ಊರುಗೋಲು ಕೊಟ್ಟು ಚಾವಣಿ ಹಿಡಿದು ನಿಲ್ಲಿಸಿದ್ದಾರೆ. ನೂರಿನ್ನೂರಲ್ಲ, ಸಾವಿರಾರು. ರೋಗಿಗಳು ಆ ಕಂಬಗಳ ನಡುವೆಯೇ ಮಲಗಿದ್ದರು, ನರ್ಸುಗಳು ಆ ಕಂಬಗಳ ನಡುವೆಯೇ ಓಡಾಡಿದರು.

ಇದು ಒಂದು ಆಸ್ಪತ್ರೆಯ ದುರದೃಷ್ಟ ಅಂತ ಬಿಟ್ಟುಬಿಡುವ ಹಾಗಿಲ್ಲ. 2010ರ ದಶಕದಲ್ಲಿ ವರ್ಷ ವರ್ಷವೂ ಆಸ್ಪತ್ರೆ ಕಟ್ಟಡ, ಯಂತ್ರಗಳಿಗೆ ಅಂತ ಇಟ್ಟ ದುಡ್ಡನ್ನು ದಿನದ ಖರ್ಚಿಗೆ ತಿರುಗಿಸಿದರು. ಸಂಬಳ ನಿಲ್ಲಿಸಿದರೆ ನಾಳೆಯೇ ಸುದ್ದಿ. ಚಾವಣಿ ರಿಪೇರಿ ಮುಂದೂಡಿದರೆ ಯಾರೂ ಕೇಳುವುದಿಲ್ಲ. 2023-24ರ ಹೊತ್ತಿಗೆ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಆಸ್ಪತ್ರೆಗಳ ಬಾಕಿ ರಿಪೇರಿಯೇ 1,300 ಕೋಟಿ ಪೌಂಡ್ ದಾಟಿತ್ತು. ಆಗ ಚಿಕಿತ್ಸೆಗೆ ಕಾಯುವ ಪಟ್ಟಿಯಲ್ಲಿ 70 ಲಕ್ಷಕ್ಕೂ ಹೆಚ್ಚು ಪ್ರಕರಣಗಳಿದ್ದವು.

ನಮ್ಮ ನಗರಪಾಲಿಕೆಗಳಂಥ ಕೌನ್ಸಿಲ್‌ಗಳದ್ದೂ ಇದೇ ಪಾಡು. ಕೇಂದ್ರದ ಅನುದಾನ ಇಳಿಯಿತು. ವಯಸ್ಸಾದವರ, ಅನಾಥ ಮಕ್ಕಳ ಆರೈಕೆಯನ್ನು ಕಾನೂನಿನ ಪ್ರಕಾರ ಬಿಡುವಂತಿಲ್ಲ. ಉಳಿದ ಲೈಬ್ರರಿ, ಯುವಕರ ಕೇಂದ್ರ, ರಸ್ತೆಗೆ ಕತ್ತರಿ ಬಿತ್ತು. ಬರ್ಮಿಂಗ್‌ಹ್ಯಾಮ್ 2023ರ ಸೆಪ್ಟೆಂಬರಿನಲ್ಲಿ ದುಡ್ಡಿಲ್ಲ ಅಂತ ಕೈಚೆಲ್ಲಿತು. ಹೆಣ್ಣುಮಕ್ಕಳಿಗೆ ಸಮಾನ ವೇತನದ ಬಾಕಿ, ಕೆಟ್ಟ ಕಂಪ್ಯೂಟರ್ ವ್ಯವಸ್ಥೆ ಅಂತ ಅದರದ್ದೇ ತಪ್ಪುಗಳೂ ಇದ್ದವು. ಮರುವರ್ಷ ಜನರ ಕೌನ್ಸಿಲ್ ಟ್ಯಾಕ್ಸ್ ಸುಮಾರು ಶೇ 10 ಏರಿತು, ಸೇವೆ ಇಳಿಯಿತು. ಮನೆಯಲ್ಲಿ ನೋಡಿಕೊಳ್ಳುವ ವ್ಯವಸ್ಥೆ ಸೊರಗಿದರೆ ಗುಣವಾದ ಅಜ್ಜ ಅಜ್ಜಿಯರೂ ಆಸ್ಪತ್ರೆಯ ಹಾಸಿಗೆಯಲ್ಲೇ ಉಳಿಯುತ್ತಾರೆ. ಕೌನ್ಸಿಲ್‌ನಲ್ಲಿ ಉಳಿಸಿದ ದುಡ್ಡು ಆಸ್ಪತ್ರೆಯಲ್ಲಿ ದುಪ್ಪಟ್ಟಾಗಿ ಖರ್ಚಾಗುವುದು ಹೀಗೆ.

ಇದೆಲ್ಲದರ ಅಡಿಯಲ್ಲಿ ಇನ್ನೊಂದು ಕಾರಣವಿದೆ. 2008ಕ್ಕೆ ಮುಂಚೆ ಬ್ರಿಟನ್ನಿನ ಕೆಲಸಗಾರ ಒಂದು ಗಂಟೆಯಲ್ಲಿ ಉತ್ಪಾದಿಸುವುದು ವರ್ಷಕ್ಕೆ ಸುಮಾರು ಶೇ 2 ಏರುತ್ತಿತ್ತು. ಆಮೇಲೆ ಅದು ಹೆಚ್ಚುಕಮ್ಮಿ ನಿಂತೇ ಹೋಗಿದೆ. ಬೆಳೆಯುವ ದೇಶದಲ್ಲಿ ದರ ಏರಿಸದೆಯೂ ತೆರಿಗೆ ಜಾಸ್ತಿ ಬರುತ್ತದೆ. ಬೆಳೆಯದ ದೇಶದಲ್ಲಿ ಒಬ್ಬರಿಗೆ ಕೊಡಬೇಕೆಂದರೆ ಇನ್ನೊಬ್ಬರಿಂದ ಕಿತ್ತುಕೊಳ್ಳಬೇಕು. ರೈಲು, ಆಸ್ಪತ್ರೆ, ತರಬೇತಿಗೆ ಹಾಕುವ ದುಡ್ಡನ್ನೇ ಮೊದಲು ಕತ್ತರಿಸಿದ್ದು ಇದನ್ನು ಇನ್ನಷ್ಟು ಕೆಡಿಸಿತು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬಡ್ಡಿ ಸೊನ್ನೆಯ ಹತ್ತಿರ ಇದ್ದ ಆ ಹತ್ತು ವರ್ಷಗಳಲ್ಲಿ ಸಾಲ ಮಾಡಿಯಾದರೂ ಕಟ್ಟಬೇಕಿತ್ತು. ಈಗ ಅದೇ ಚಾವಣಿಗೆ ಶೇ 5ರ ಬಡ್ಡಿಯಲ್ಲಿ ಸಾಲ ತರಬೇಕು.

ಇನ್ನು ಕೆಲಸಕ್ಕೆ ಹೋಗಿರುವ ನಮ್ಮವರ ವಿಷಯ. ಸಂಬಳದ ತೆರಿಗೆ ಎಲ್ಲರಂತೆ ಕಟ್ಟುವುದರ ಜೊತೆಗೆ, ವೀಸಾ ಪಡೆಯುವಾಗಲೇ ಆರೋಗ್ಯ ಸರ್‌ಚಾರ್ಜ್ ಕಟ್ಟಬೇಕು. 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಗಂಡ ಹೆಂಡತಿ, ಎರಡು ಮಕ್ಕಳು, ಮೂರು ವರ್ಷದ ವೀಸಾ ಅಂದರೆ 10,866 ಪೌಂಡ್ ಮುಂಗಡ. ಆರೋಗ್ಯ ಕ್ಷೇತ್ರದ ವೀಸಾದಲ್ಲಿ ಹೋಗುವ ನರ್ಸು, ಡಾಕ್ಟರುಗಳಿಗೆ ಮಾತ್ರ ವಿನಾಯಿತಿ. ಹೊರಗಿನಿಂದ ಬಂದವರ ಮೇಲೆ ಹಾಕುವ ಶುಲ್ಕಕ್ಕೆ ಚುನಾವಣೆಯಲ್ಲಿ ಬೆಲೆ ತೆರಬೇಕಾಗಿಲ್ಲ ಅಂತ ಅಲ್ಲಿನ ನಾಯಕರಿಗೆ ಅನ್ನಿಸುವುದಕ್ಕೆ ಒಂದು ಕಾರಣ, ನಮ್ಮವರಲ್ಲಿ ಎಷ್ಟೋ ಜನ ಅಲ್ಲಿ ವೋಟೇ ಹಾಕುವುದಿಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಭಾರತದ ಪಾಸ್‌ಪೋರ್ಟ್ ಇದ್ದು, ಕಾನೂನುಬದ್ಧವಾಗಿ ಅಲ್ಲಿ ವಾಸವಾಗಿರುವ 18 ತುಂಬಿದವರು ಬ್ರಿಟನ್ ಪಾರ್ಲಿಮೆಂಟ್ ಚುನಾವಣೆಯಲ್ಲೂ ಮತ ಹಾಕಬಹುದು. ಅದಕ್ಕೆ ಅಲ್ಲಿನ ಪೌರತ್ವ ಬೇಕಿಲ್ಲ. ಮತದಾರರ ಪಟ್ಟಿಗೆ ಆನ್‌ಲೈನ್‌ನಲ್ಲೇ ಹೆಸರು ಸೇರಿಸಬಹುದು, ಮತಗಟ್ಟೆಯಲ್ಲಿ ಗುರುತಿಗೆ ಭಾರತದ ಪಾಸ್‌ಪೋರ್ಟೇ ಸಾಕು.